ಹಳೇ ಮ್ಯಾಕ್-ವಿಂಡೋಸ್ ಜಂಟಿ ಸಿಡಿ: ನಾನು ಪ್ರಯತ್ನಿಸಿದ ದಾರಿಗಳು

ಚಿಕ್ಕಮಗಳೂರಿನಲ್ಲಿ ನಮ್ಮ ದೊಡ್ಡಪ್ಪ ಪ್ರೆಸ್ ನಡೆಸುತ್ತಿದ್ದರು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕಾಫಿಪುಡಿ ಲೇಬಲ್ ಎಲ್ಲವೂ ಆ್ಯಪಲ್‌ನ ಹಳೇ ಕಂಪ್ಯೂಟರ್ ಆದ ಒಂದೇ ಪವರ್ ಮ್ಯಾಕ್‌ನಲ್ಲಿ ತಯಾರಾಗುತ್ತಿದ್ದವು. ಪ್ರೆಸ್ ಮುಚ್ಚಿದ ಮೇಲೆ ಉಳಿದ ಸಿಡಿಗಳಲ್ಲಿ ಒಂದರಲ್ಲಿ ಅವರು ದಿನವೂ ಬಳಸುತ್ತಿದ್ದ ಕನ್ನಡ ಫಾಂಟು, ಬಾರ್ಡರುಗಳಿದ್ದವು. ನಮ್ಮ ಮಳೆಗಾಲ ಗೊತ್ತಲ್ವಾ, ಸಿಡಿಗೆ ಬೂಷ್ಟು ಹಿಡಿದಿತ್ತು. ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿನ ಕಡೆಗೆ ಒರೆಸಿ, ಮೊದಲು ಐಎಸ್‌ಒ ಇಮೇಜ್ (ಇಡೀ ಸಿಡಿಯ ನಕಲು ಒಂದೇ ಫೈಲಿನಲ್ಲಿ) ಮಾಡಿಟ್ಟುಕೊಂಡೆ.

ವಿಂಡೋಸ್ 10ರಲ್ಲಿ ಡಬಲ್ ಕ್ಲಿಕ್ ಮಾಡಿದರೆ ತೆರೆಯಿತು. ಆದರೆ ಒಳಗೆ ಕಂಡಿದ್ದು ನಾಲ್ಕೇ ಫೋಲ್ಡರು. ಇಂಥ ಫೈಲು ಬಿಚ್ಚುವ ಸೆವೆನ್-ಜಿಪ್‌ನಲ್ಲೂ ಅಷ್ಟೇ. ಕಾರಣ ಇಷ್ಟು: ಈ ಸಿಡಿಯಲ್ಲಿ ಎರಡು ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇವೆ. ವಿಂಡೋಸ್‌ಗೆ ಐಎಸ್‌ಒ 9660, ಮ್ಯಾಕ್‌ಗೆ ಎಚ್‌ಎಫ್‌ಎಸ್. ವಿಂಡೋಸ್ ತೋರಿಸುವುದು ತನ್ನ ಭಾಗವನ್ನು ಮಾತ್ರ. ಐಎಸ್‌ಒ 9660 ತನ್ನ ಮೊದಲ 16 ಸೆಕ್ಟರ್ (ಸಿಡಿಯ ಸಣ್ಣ ತುಂಡು), ಅಂದರೆ ಒಟ್ಟು 32 ಕೆಬಿ ಜಾಗವನ್ನು ಖಾಲಿ ಬಿಡುತ್ತದೆ. ಯಾವ ಭಾಗ ಎಲ್ಲಿದೆ ಅಂತ ಹೇಳುವ ಆ್ಯಪಲ್‌ನ ಪಾರ್ಟಿಷನ್ ಪಟ್ಟಿ ಆ ಜಾಗದಲ್ಲೇ ಕೂರುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅನ್ನಿಸಿತು.

ಹಾಗಾದರೆ ಹೊಸ ಮ್ಯಾಕ್? ಗೆಳೆಯನ ಲ್ಯಾಪ್‌ಟಾಪಿನಲ್ಲಿ ಎಚ್‌ಎಫ್‌ಎಸ್ ಭಾಗ ತೆರೆಯಲೇ ಇಲ್ಲ. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ಓಎಸ್ ಹಳೇ ಎಚ್‌ಎಫ್‌ಎಸ್ ಓದುವುದನ್ನೇ ಬಿಟ್ಟಿದೆ.

ಲಿನಕ್ಸ್‌ನಲ್ಲಿ ಇಮೇಜನ್ನು ಮೌಂಟ್ ಮಾಡುವಾಗ (ಡ್ರೈವಿನಂತೆ ತೆರೆಯುವಾಗ) ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್ ಅಂತ ನಾವೇ ಹೇಳಬೇಕು. ಸುಮ್ನೆ ಬಿಟ್ಟರೆ ಅದೂ ಐಎಸ್‌ಒ ಭಾಗವನ್ನೇ ತೋರಿಸುತ್ತದೆ. ಹೇಳಿದ ಕೂಡಲೇ ಎಲ್ಲ ಫೋಲ್ಡರೂ ಬಂದವು. ಬಾರ್ಡರ್ ಚಿತ್ರಗಳನ್ನು ಹತ್ತೇ ನಿಮಿಷದಲ್ಲಿ ನಕಲು ಮಾಡಿಕೊಂಡೆ. ನಿಮ್ಮ ಇಮೇಜ್ ಬಿನ್-ಕ್ಯೂ ಎಂಬ ಎರಡು ಫೈಲುಗಳ ಜೋಡಿಯಾಗಿದ್ದರೆ ಮೊದಲು ಬಿಚಂಕ್ ಎಂಬ ತಂತ್ರಾಂಶದಲ್ಲಿ ಐಎಸ್‌ಒ ಮಾಡಿಕೊಳ್ಳಿ. ಬಿನ್ ಫೈಲಿನ ಸೆಕ್ಟರು 2352 ಬೈಟು, ಇಲ್ಲಿ ಬೇಕಾಗಿರುವುದು 2048.

ಫಾಂಟುಗಳನ್ನು ನಕಲು ಮಾಡಿದಾಗ ಎದೆ ಧಸಕ್ಕೆಂದಿತು. ಹೆಸರು ಸರಿಯಾಗಿದೆ, ಆದರೆ ಒಂದೊಂದೂ 0 ಬೈಟು! ಸಿಡಿ ಹಾಳಾಗಿದೆ ಅಂದುಕೊಂಡು ಇಡೀ ಸಂಜೆ ಮತ್ತೆ ಮತ್ತೆ ಇಮೇಜ್ ಮಾಡಿದೆ. ತಪ್ಪು ಸಿಡಿಯದ್ದಲ್ಲ. ಹಳೇ ಮ್ಯಾಕ್ ಫೈಲಿಗೆ ಎರಡು ಕವಲು, ಡೇಟಾ ಫೋರ್ಕ್ ಮತ್ತು ರಿಸೋರ್ಸ್ ಫೋರ್ಕ್. ಆ ಕಾಲದ ಫಾಂಟಿನ ಜೀವವೆಲ್ಲ ಎರಡನೆಯದರಲ್ಲಿ. ಮಾಮೂಲಿ ನಕಲಿನಲ್ಲಿ ಬರುವುದು ಮೊದಲನೆಯದು ಮಾತ್ರ. ಮೌಂಟ್ ಮಾಡಿ ಫಾಂಟು ಸಿಕ್ಕಿತು ಅಂತ ಸಿಡಿ ಎಸೆದುಬಿಟ್ಟವರು ಇದ್ದರೆ, ದಯವಿಟ್ಟು ಒಮ್ಮೆ ಫೈಲ್ ಸೈಜ್ ನೋಡಿ.

ಇಲ್ಲಿ ಗೆದ್ದದ್ದು ಎಚ್‌ಎಫ್‌ಎಸ್ ಓದುವ ಎಚ್‌ಎಫ್‌ಎಸ್ ಯುಟಿಲ್ಸ್ ಎಂಬ ತಂತ್ರಾಂಶ. ಟರ್ಮಿನಲ್‌ನಲ್ಲೇ ಕೆಲಸ, ನೋಡಲು ಏನೂ ಚೆಂದವಿಲ್ಲ. ಆದರೆ ಮ್ಯಾಕ್‌ಬೈನರಿ ರೂಪದಲ್ಲಿ ನಕಲು ಮಾಡು ಅಂದರೆ ಎರಡೂ ಕವಲನ್ನು ಒಂದೇ ಫೈಲಿನಲ್ಲಿ ಕಟ್ಟಿಕೊಡುತ್ತದೆ. ಅದನ್ನು ಫಾಂಟು ತಿದ್ದುವ ಫಾಂಟ್‌ಫೋರ್ಜ್‌ನಲ್ಲಿ ತೆರೆದೆ. ಕೊಂಬು, ಒತ್ತು, ದೀರ್ಘ ಎಲ್ಲ ಬಿಡಿಬಿಡಿಯಾಗಿ ಚೌಕಗಳಲ್ಲಿ ಕೂತಿದ್ದವು.

ಕೊನೆಗೆ ಶೀಪ್‌ಶೇವರ್. ಮ್ಯಾಕ್ ಓಎಸ್ 9.0.4ರವರೆಗೆ ಓಡಿಸುವ ಎಮ್ಯುಲೇಟರ್, ಅಂದರೆ ಈಗಿನ ಕಂಪ್ಯೂಟರಿನೊಳಗೆ ಹಳೇ ಮ್ಯಾಕ್‌ನಂತೆ ನಡೆದುಕೊಳ್ಳುವ ತಂತ್ರಾಂಶ. ಇದಕ್ಕೆ ಹಳೇ ಮ್ಯಾಕ್‌ನ ರೋಮ್ ಫೈಲ್ (ಮಷಿನ್ನಿನ ಚಿಪ್‌ನಲ್ಲಿರುವ ಮೂಲ ತಂತ್ರಾಂಶದ ನಕಲು) ಬೇಕು. ದೊಡ್ಡಪ್ಪನ ಮಷಿನ್ ಇನ್ನೂ ಆನ್ ಆಗುತ್ತಿದ್ದಾಗಲೇ ತೆಗೆದಿಟ್ಟಿದ್ದೆ, ಬಚಾವಾದೆ. ಹೊಂದಿಸಲು ಎರಡು ರಾತ್ರಿ ಹಿಡಿಯಿತು. ಬರೀ ಚಿತ್ರ ಬೇಕಿದ್ದವರಿಗೆ ಇಷ್ಟು ಕಷ್ಟ ಬೇಡವೇ ಬೇಡ. ಆದರೆ ಹಳೇ ಪುಟಗಳನ್ನು ಇದ್ದ ಹಾಗೇ ನೋಡಬೇಕಾದರೆ ನನಗೆ ಸಿಕ್ಕ ದಾರಿ ಇದೊಂದೇ.

ಅದರಲ್ಲಿ ಫಾಂಟಿನ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡ ಕೂರಿಸಿದ ಫಾಂಟು ತಾನೇ, ಮಾದರಿ ವಾಕ್ಯ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿ ಬಂತು. ಪಕ್ಕದಲ್ಲಿದ್ದ ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು, "ಇದೇ ಕಣೋ, ಲಗ್ನಪತ್ರಿಕೆ ಹೆಡ್ಡಿಂಗಿಗೆ ಹಾಕ್ತಿದ್ದದ್ದು" ಅಂದರು. ಇನ್ನೂ ಹನ್ನೊಂದು ಸಿಡಿ ಇವೆ. ಮಳೆ ಹಿಡಿಯುವುದರೊಳಗೆ ಇಮೇಜ್ ಮಾಡಿ ಮುಗಿಸಬೇಕು.