ಕ್ರಿಯಾಟಿನಿನ್ ಜಾಸ್ತಿ ಆಯ್ತು ಅಂತ ಬಿ.ಪಿ. ಮಾತ್ರೆ ಬಿಟ್ಟೆ, ಕೆಟ್ಟೆ

ಬರೆಯೋಕೆ ನಾಚಿಕೆ ಆಗುತ್ತಿದೆ. ಬ್ಯಾಂಕಿನಲ್ಲಿ 28 ವರ್ಷ ಬಡ್ಡಿ ಲೆಕ್ಕ ಹಾಕಿದವನು ನಾನು. ನನ್ನನ್ನು ನನ್ನದೇ ಲ್ಯಾಬ್ ರಿಪೋರ್ಟ್ ತೋರಿಸಿ ಮೋಸ ಮಾಡಿದರು.

ಸಕ್ಕರೆ ಕಾಯಿಲೆ ಬಂದು 11 ವರ್ಷ. ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಹೋಗುತ್ತಿದೆ ಅಂತ ಡಾಕ್ಟರಮ್ಮ ಟೆಲ್ಮಿಸಾರ್ಟನ್ ಅನ್ನೋ ಬಿ.ಪಿ. ಮಾತ್ರೆ ಶುರು ಮಾಡಿದ್ದರು. ಮೂರು ವಾರದ ನಂತರ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ಕಸ, ಕಿಡ್ನಿ ಕಡಿಮೆ ಸೋಸಿದರೆ ಇದು ಏರುತ್ತೆ) 1.1 ಇದ್ದದ್ದು 1.3 ಆಯಿತು. "ಇಷ್ಟು ಏರೋದು ನಿರೀಕ್ಷೆ ಮಾಡಿದ್ದೇ, ಮಾತ್ರೆ ಬಿಡಬೇಡಿ" ಅಂದಿದ್ದರು. ನಾನು ತಲೆ ಆಡಿಸಿ ಬಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ನಮ್ಮ ಬಡಾವಣೆಯ ಛತ್ರದಲ್ಲಿ ಫ್ರೀ ಶುಗರ್ ಚೆಕಪ್ ಅಂತ ಶಿಬಿರ. ಇಂಥವು ಹೇಗಿರುತ್ತವೆ ಅಂತ ನಿಮಗೂ ಗೊತ್ತಲ್ವಾ. ಬೆರಳಿಗೆ ಚುಚ್ಚೋದು ಫ್ರೀ, ಪಕ್ಕದ ಟೇಬಲ್ಲಿನಲ್ಲಿ ಮಾರೋಕೆ ಪುಡಿ ಡಬ್ಬಿಗಳ ಸಾಲು. ಅಲ್ಲಿದ್ದ ಹುಡುಗ ನನ್ನ ಫೈಲ್ ಬಿಡಿಸಿದ. ಕೆಂಪು ಪೆನ್ನಿನಲ್ಲಿ 1.1ಕ್ಕೆ ಒಂದು ಸುತ್ತು, 1.3ಕ್ಕೆ ಇನ್ನೊಂದು ಸುತ್ತು, ನಡುವೆ ಒಂದು ಬಾಣ. "ನೋಡಿ ಸರ್, ಮಾತ್ರೆಗೆ ಮೊದಲು, ಮಾತ್ರೆ ಆದ ಮೇಲೆ. ನಿಮ್ಮ ಕಿಡ್ನಿ ತಿಂತಿರೋದು ಯಾರು, ನೀವೇ ಹೇಳಿ."

ಅಷ್ಟೇ. ಆ ಕೆಂಪು ಬಾಣಕ್ಕೆ ನಾನು ಬಿದ್ದೆ. 8,400 ರೂಪಾಯಿ ಕೊಟ್ಟು ಎರಡು ತಿಂಗಳ ಪುಡಿ ತಂದೆ. ಬಿಲ್ ಇಲ್ಲ, ಒಂದು ಕೈಚೀಟಿ. ಬಿ.ಪಿ. ಮಾತ್ರೆ ಅವತ್ತೇ ನಿಲ್ಲಿಸಿದೆ.

ಮೂರನೇ ವಾರಕ್ಕೆ ಮೂತ್ರದಲ್ಲಿ ನೊರೆ. ಆ ಹುಡುಗನಿಗೆ ಫೋನ್ ಮಾಡಿದರೆ, "ಒಳ್ಳೇದೇ ಸರ್, ಟಾಕ್ಸಿನ್ ಆಚೆ ಬರ್ತಿದೆ." ಕಾಲು ಊದಿತು, ಸಾಕ್ಸ್ ತೆಗೆದರೆ ಗುರುತು ಹಾಗೇ ಉಳಿಯುತ್ತಿತ್ತು. "ಉಪ್ಪು ಬಿಡಿ ಸರ್." ಮಗಳು ಬಿ.ಪಿ. ನೋಡಿದರೆ 178/104. ಅದಕ್ಕೆ ಏನಂದ ಗೊತ್ತಾ? "ಮೆಷಿನ್ ಬದಲಾಯಿಸಿ ನೋಡಿ ಸರ್." ಮೆಷಿನ್ ಅಂತೆ!

ಮಗಳೇ ಎಳೆದುಕೊಂಡು ಹೋದಳು. ಮೂತ್ರದಲ್ಲಿ ಎಷ್ಟು ಆಲ್ಬುಮಿನ್ ಸೋರುತ್ತಿದೆ ಅಂತ ತೋರಿಸೋ ಆಲ್ಬುಮಿನ್ ರೇಷಿಯೋ 140 ಇದ್ದದ್ದು 620. 30ರ ಕೆಳಗೆ ಇರಬೇಕಾದದ್ದು ಅದು. ಡಾಕ್ಟರಮ್ಮ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಒಂದು ಹಾಳೆ ತಗೊಂಡು ಬರೆದು ತೋರಿಸಿದರು. ಕಿಡ್ನಿಯ ಒಂದೊಂದು ಸಣ್ಣ ಜರಡಿಗೂ ರಕ್ತ ಒಳಗೆ ಬರೋ ನಾಳ ಒಂದು, ಹೊರಗೆ ಹೋಗೋದು ಒಂದು. ಸಕ್ಕರೆ ಕಾಯಿಲೆಯಲ್ಲಿ ಒಳಗಿನದು ಅಗಲವಾಗುತ್ತೆ, ಹೊರಗಿನದು ಬಿಗಿಯಾಗುತ್ತೆ. ನೀರಿನ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದ ಹಾಗೆ. ಒಳಗೆ ಒತ್ತಡ ಏರಿ ಜರಡಿಯಿಂದ ಪ್ರೋಟೀನ್ ಸೋರುತ್ತೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ ಮಾತ್ರೆಗಳು ಆ ಹೆಬ್ಬೆರಳನ್ನು ಸಡಿಲ ಮಾಡುತ್ತವೆ. ಒತ್ತಡ ಇಳಿದಾಗ ಸೋಸೋದೂ ಸ್ವಲ್ಪ ಇಳಿಯುತ್ತೆ, ಅದಕ್ಕೇ ಕ್ರಿಯಾಟಿನಿನ್ ಕೊಂಚ ಏರೋದು. ಶುರುವಿನಲ್ಲಿ 100ಕ್ಕೆ 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಲ್ಲ, ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಮತ್ತೆ ಪರೀಕ್ಷೆ ಮಾಡಿ ನೋಡುತ್ತಾರೆ ಅಂದರು.

1.1ರಿಂದ 1.3. ಅಲ್ಲೇ ಕೂತು ಲೆಕ್ಕ ಹಾಕಿದೆ. 100ಕ್ಕೆ 18. ಅವನು ಹಾಳಾಯ್ತು ಅಂತ ಬಾಣ ಹಾಕಿದ್ದು, ಮಾತ್ರೆ ಕೆಲಸ ಮಾಡುತ್ತಿದ್ದ ಗುರುತಿಗೆ!

ದುಡ್ಡು ವಾಪಸ್ ಕೇಳಿದೆ. "ನೀವು ಪಥ್ಯ ಸರಿಯಾಗಿ ಮಾಡಿಲ್ಲ ಸರ್, ಹುಳಿ ತಿಂದಿರ್ತೀರ." ಮತ್ತೆ ಕೇಳಿದೆ. "ನಾವು ಮಾತ್ರೆ ಬಿಡಿ ಅಂತ ಹೇಳೇ ಇಲ್ವಲ್ಲ." ಮೂರನೇ ಮೆಸೇಜಿಗೆ ಒಂದೇ ಟಿಕ್, ಡಿ.ಪಿ.ಯೂ ಮಾಯ.

ಫೈಲಿಗೆ ಯಾರಾದರೂ ಪೆನ್ ಹಿಡಿದು ಬಂದರೆ ಫೈಲ್ ಕಿತ್ತುಕೊಂಡು ಎದ್ದು ಬನ್ನಿ. ಕ್ರಿಯಾಟಿನಿನ್ ಏರಿದ್ದಕ್ಕೆ ಭಯ ಆದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ನಾಲ್ಕು ಸಲ ಬೇಕಾದರೂ ಕೇಳಿ.

ಇನ್ನೊಂದು ವಿಷಯ, ಇದನ್ನು ಹೇಳದೆ ಮುಗಿಸೋಕೆ ಮನಸ್ಸು ಒಪ್ಪುತ್ತಿಲ್ಲ. ತಿಪಟೂರಿನ ನಮ್ಮ ಭಾವನಿಗೂ ಶುಗರ್ ಇದೆ. ಎರಡು ಡಬ್ಬಿ ನಾನೇ ಬಸ್ಸಿನಲ್ಲಿ ಕಳಿಸಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿ ಎಲ್ಲಾ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನೀನು ಹೇಳಿದ್ದಕ್ಕೇ ಅಲ್ವೇನೋ ನಾನೂ ಮಾತ್ರೆ ಬಿಟ್ಟಿದ್ದು" ಅಂದರು.