ನಕ್ಷೆಯ 80 ಮಿ.ಮೀ. ಗುರುತನ್ನು ನಂಬಬೇಡಿ: ಬಾಲ್ಸಾ ಟ್ರೈನರ್ ಕಿಟ್, ಎರಡು ವರ್ಷದ ಬಳಕೆಯ ನಂತರ

ಬಾಲ್ಸಾ ಅನ್ನುವ ಹಗುರ ಮರದಿಂದ ರಿಮೋಟ್ ವಿಮಾನ ಕಟ್ಟುವ ಈ ಕಿಟ್‌ನ ನಕ್ಷೆಯಲ್ಲಿ ಸಿ.ಜಿ. (ತೂಕದ ಕೇಂದ್ರ) ಗುರುತು ತಪ್ಪಾಗಿದೆ. ಬೇರೆಲ್ಲ ಆಮೇಲೆ. ವಿಮಾನವನ್ನು ಎರಡು ಬೆರಳ ಮೇಲೆ ನಿಲ್ಲಿಸಿದಾಗ ಸಮತೂಕ ಸಿಗಬೇಕಾದ ಜಾಗ ರೆಕ್ಕೆಯ ಮುಂದಂಚಿನಿಂದ 80 ಮಿ.ಮೀ. ಹಿಂದೆ ಅಂತ ಅಚ್ಚಾಗಿದೆ. ಮುಂದಂಚಿನಿಂದ ಹಿಂದಂಚಿಗೆ ರೆಕ್ಕೆಯ ಅಗಲವೇ 200 ಮಿ.ಮೀ. ಹಾಗಾದರೆ ಅಗಲದ ಶೇ. 40 ಬಂತು. ಒಡಲಿನ ಮೇಲೆ ರೆಕ್ಕೆ ಕೂತಿರುವ ಇಂಥ ಟ್ರೈನರ್‌ಗೆ, ಅಂದರೆ ಕಲಿಯುವವರ ವಿಮಾನಕ್ಕೆ, ಅದು ಶೇ. 25ರಿಂದ 30ರೊಳಗೆ ಇರಬೇಕು.

ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಕಂಟ್ರೋಲ್ ಲೈನ್ ಮಾಡೆಲ್ ಹಾರಿಸಿದ್ದೆ. ತಂತಿಯ ಹಿಡಿ ಕೈಲಿ ಹಿಡಿದು ವಿಮಾನದ ಜೊತೆ ನಾವೂ ಸುತ್ತುವಂಥದ್ದು. ತಂತಿಯಿಲ್ಲದ್ದೊಂದು ಬೇಕು ಅನ್ನುವ ಆಸೆ ಅಂದಿನದು. ಕಿಟ್‌ಗೆ 6,500 ಕೊಟ್ಟೆ. ಪೆಟ್ಟಿಗೆಯಲ್ಲಿ ಬರುವುದು ಮರ, ಕಡ್ಡಿ, ಚಕ್ರ ಮಾತ್ರ. ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಅಲುಗಿಸುವ ನಾಲ್ಕು ಸರ್ವೊ, ಕೈಲಿ ಹಿಡಿಯುವ ಟ್ರಾನ್ಸ್‌ಮಿಟರ್, ಎರಡು ಬ್ಯಾಟರಿ ಸೇರಿ ಇನ್ನೂ 12,000 ಆಯಿತು. ತಿಂಗಳ ಸಂಬಳದಲ್ಲಿ ಎತ್ತಿಟ್ಟು ಎತ್ತಿಟ್ಟು ಕೂಡಿಸಿದ ದುಡ್ಡು.

ಐದು ವಾರ ರಾತ್ರಿ ಕೂತು ಕಟ್ಟಿದ್ದು ತುಮಕೂರಿನಾಚೆ ನಮ್ಮೂರ ಕೆರೆ ಅಂಗಳದಲ್ಲಿ ಹತ್ತು ಸೆಕೆಂಡ್ ಹಾರಿತು. ಕೈ ಬಿಟ್ಟ ಕೂಡಲೇ ಮೂಗೆತ್ತಿತು. ಬಾಲದ ಪಟ್ಟಿ, ಎಲಿವೇಟರ್, ಚೂರು ತಗ್ಗಿಸಿದೆ, ಧುಮುಕಿತು. ಸ್ಟಿಕ್ ಎಳೆದೆ, ನೆಟ್ಟಗೆ ಎದ್ದು ನಿಂತು ವೇಗ ಸತ್ತು, ಎಡ ರೆಕ್ಕೆ ಮಗುಚಿ ನೆಲಕ್ಕೆ ಬಿತ್ತು. ತೂಕ ಹಿಂದಕ್ಕೆ ಸರಿದಷ್ಟೂ ವಿಮಾನ ತಾನಾಗಿ ನೆಟ್ಟಗಾಗುವ ಗುಣ ಕಳೆದುಕೊಳ್ಳುತ್ತದೆ, ಸ್ಟಿಕ್ ಕೂದಲೆಳೆ ಅಲುಗಿದರೂ ಹುಚ್ಚೆದ್ದ ಹಾಗೆ ಆಡುತ್ತದೆ. ಇದು ಗೊತ್ತಾಗಿದ್ದು ಆಮೇಲೆ. ಮೂರು ವಾರ ತಪ್ಪೆಲ್ಲ ನನ್ನ ಕೈಯದೇ ಅಂದುಕೊಂಡಿದ್ದೆ. ನನಗೆ ಹೆಚ್ಚು ನೋವಾಗಿದ್ದು ಅದಕ್ಕೇ. ಹೊಸಬರಿಗೆಂದೇ ಮಾರುವ ಕಿಟ್‌ನಲ್ಲಿ ಅಂಕಿ ತಪ್ಪಿದ್ದರೆ ಹೊಸಬ ಅನುಮಾನಿಸುವುದು ತನ್ನನ್ನು, ನಕ್ಷೆಯನ್ನಲ್ಲ.

ಸರಿಮಾಡುವುದು ಕಷ್ಟವಲ್ಲ. ಬ್ಯಾಟರಿಯನ್ನು ಆರು ಸೆಂ.ಮೀ. ಮುಂದೆ, ಮೋಟರ್ ಕೂರಿಸುವ ಹಲಗೆಗೆ (ಫೈರ್‌ವಾಲ್) ತಾಗುವ ಹಾಗೆ ಕೂರಿಸಿದೆ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುತ್ತಾರಲ್ಲ, ಆ ಹತ್ತು ಗ್ರಾಂ ತುಂಡುಗಳು ಆರು ಮೂಗಿನೊಳಗೆ ಹೋದವು. ಸಮತೂಕ 58 ಮಿ.ಮೀ.ಗೆ ಬಂತು. ಅವತ್ತಿನಿಂದ ಬೇರೆಯದೇ ವಿಮಾನ. ಸ್ಟಿಕ್ ಬಿಟ್ಟರೆ ತಾನೇ ಮೂಗು ಸಮ ಮಾಡಿಕೊಂಡು ಸಾಗುತ್ತದೆ.

ಮರವನ್ನು ಮಾತ್ರ ಹೊಗಳಲೇಬೇಕು. ಬಿದ್ದ ದಿನ ರೆಕ್ಕೆಯೊಳಗಿನ ಪಕ್ಕೆಲುಬಿನಂಥ ತುಂಡುಗಳು, ರಿಬ್, ಮೂರು ಪುಡಿಯಾಗಿದ್ದವು, ಮೂಗು ಸೀಳಿತ್ತು. ಥರ್ಮಕೋಲಿನಂಥ ಫೋಮ್ ವಿಮಾನವಾದರೆ ಅಷ್ಟೊಂದು ಪುಡಿಯಾದ ಮೇಲೆ ಮೊದಲಿನ ಆಕಾರಕ್ಕೆ ತರುವುದು ಕಷ್ಟ. ಇಲ್ಲಿ ನಕ್ಷೆಯಲ್ಲಿರುವ ರಿಬ್‌ನ ಗೆರೆ ನಕಲು ಮಾಡಿ, ಎರಡು ಮಿ.ಮೀ. ಬಾಲ್ಸಾ ಹಾಳೆಯಿಂದ ಬ್ಲೇಡಿನಲ್ಲಿ ಕೊಯ್ದು, ಮರಳು ಕಾಗದ ಉಜ್ಜಿ, ಕೂಡಲೇ ಹಿಡಿಯುವ ಸಿ.ಎ. ಅಂಟು ಒಂದು ಹನಿ ಬಿಟ್ಟರೆ ಮುಗಿಯಿತು. ಹಾಳೆ ಎಷ್ಟು ಹಗುರವೆಂದರೆ ಫ್ಯಾನ್ ಗಾಳಿಗೆ ಮೇಜಿಂದ ಹಾರುತ್ತದೆ. ಮೇಲೆ ಹೊದಿಸುವ ಫಿಲ್ಮ್‌ಗೆ ನಮ್ಮನೆ ಇಸ್ತ್ರಿಪೆಟ್ಟಿಗೆಯೇ ಸಾಕು, ಹಳೇ ಪಂಚೆಯ ತುಂಡು ಅಡ್ಡ ಇಟ್ಟುಕೊಳ್ಳಬೇಕು. ಸುಕ್ಕು ಕಣ್ಣೆದುರೇ ಬಿಗಿದು ಡೋಲಿನ ಚರ್ಮದ ಹಾಗಾಗುತ್ತದೆ. ಮಳೆಗಾಲದಲ್ಲಿ ಮತ್ತೆ ಸಡಿಲವಾಗುತ್ತದೆ, ಮತ್ತೆ ಇಸ್ತ್ರಿ. ನನಗೆ ಅದು ಬೇಸರದ ಕೆಲಸವಲ್ಲ.

ಭಾನುವಾರ ಗಾಳಿ ಏಳುವ ಮುಂಚೆ, ಆರೂವರೆಗೆ ಅಂಗಳದಲ್ಲಿರುತ್ತೇನೆ. ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ವಿಮಾನದ ಬ್ಯಾಟರಿ. ಸ್ಟಿಕ್ ಬಲಕ್ಕೆ ತಳ್ಳಿ ಬಲ ರೆಕ್ಕೆಯ ಹಿಂದಂಚಿನ ಪಟ್ಟಿ (ಏಲೆರಾನ್) ಮೇಲೆದ್ದಿತೇ ಅಂತ ನೋಡಿ, ಬಾಯಿಬಿಟ್ಟು ‘ಬಲ, ಮೇಲೆ’ ಅನ್ನುತ್ತೇನೆ. ಆಮೇಲೆ ರೆಕ್ಕೆಯಡಿ ಎರಡು ಬೆರಳು, 58ರ ಮೇಲೆ. ಒಂದು ಬ್ಯಾಟರಿಗೆ ಹತ್ತು ನಿಮಿಷ. ಹಾರಿಸದ ವಾರ ಬ್ಯಾಟರಿಯನ್ನು ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡುತ್ತೇನೆ. ಚಾರ್ಜ್ ಮಾಡುವುದು ಹಿತ್ತಲಲ್ಲಿ, ಹೆಂಚಿನ ಮೇಲಿಟ್ಟು, ಪಕ್ಕದಲ್ಲೇ ಕೂತು. ಈ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹತ್ತಿಕೊಂಡರೆ ಆರಿಸುವುದು ಸುಲಭವಲ್ಲ.

ಬೇಸಿಗೆಯಲ್ಲಿ ಒಂಬತ್ತರ ಹೊತ್ತಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ. ಹೋದ ಏಪ್ರಿಲ್‌ನಲ್ಲಿ ಆ ಗಾಳಿಯಲ್ಲಿ ಒಂದು ಗರುಡ ಸುತ್ತುತ್ತಿದ್ದ ಕಡೆಗೇ ವಿಮಾನ ತಿರುಗಿಸಿ, ಅದಕ್ಕೆ ತೊಂದರೆಯಾಗದಷ್ಟು ದೂರದಲ್ಲಿ ಥ್ರಾಟಲ್ ಪೂರ್ತಿ ಇಳಿಸಿದೆ. ಮೋಟರ್ ನಿಂತೇ ಇತ್ತು, ಆದರೂ ವಿಮಾನ ಮೇಲೆ ಹೋಗುತ್ತಲೇ ಇತ್ತು. ಹೊಲದ ಯಜಮಾನರು ಬದುವಿನಿಂದ, ‘ಇಳಿಸಪ್ಪಾ, ಕಣ್ಣಿಗೇ ಕಾಣಲ್ಲ’ ಅಂತ ಕೂಗಿದಾಗಲೇ ಇಳಿಸಿದ್ದು. ಹಾಕಿದ ದುಡ್ಡೆಲ್ಲ ಆ ಬೆಳಿಗ್ಗೆಗೇ ಸಂದಿತು ಅನ್ನಿಸಿತ್ತು.

ಕಂಪನಿಗೆ ನಕ್ಷೆಯ ಫೋಟೊ ಕಳಿಸಿ ಎರಡು ಸಲ ಬರೆದೆ. ಉತ್ತರ ಬಂದಿಲ್ಲ. ಈ ವರ್ಷ ಅಕ್ಕನ ಮಗನಿಗೆ ಅದೇ ಕಿಟ್ ಕೊಡಿಸಿದೆ, ಕಟ್ಟಿ ಕಲಿಯಲು ಇದಕ್ಕಿಂತ ಒಳ್ಳೆಯದು ನನ್ನ ಬಜೆಟ್ಟಿನಲ್ಲಿ ಇಲ್ಲ. ನಕ್ಷೆ ಬಿಚ್ಚಿದರೆ ಮತ್ತದೇ 80. ನೀವೂ ಕೊಂಡರೆ, ಅಂಟಿನ ಮುಚ್ಚಳ ತೆಗೆಯುವ ಮುಂಚೆ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು 58 ಅಂತ ಬರೆದುಕೊಳ್ಳಿ.