5 ಕೆಜಿ ಒಣಹುಲ್ಲು: ಮೊಲಕ್ಕೂ ಆಯ್ತು, ಗಿಡಕ್ಕೂ ಆಯ್ತು

ಪೆಟ್ಟಿಗೆಯ ಟೇಪು ಕಿತ್ತ ತಕ್ಷಣ ಮೂಗಿಗೆ ಬಂದಿದ್ದು ಚಹಾ ಪುಡಿಯಂಥ ತಿಳಿ ಸಿಹಿ ವಾಸನೆ. ಅಷ್ಟರಲ್ಲೇ ಗುಂಡ ಗೂಡಿನ ಬಾಗಿಲಿಗೆ ಮುಂಗಾಲು ಕೊಟ್ಟು ನಿಂತಿದ್ದ. ನನ್ನ ಹತ್ತಿರ ಎರಡು ಮೊಲಗಳಿವೆ, ಗುಂಡ ಮತ್ತು ಬೆಳ್ಳಿ. ಬೇರೆ ಗೂಡಿನಲ್ಲಿ ಎರಡು ಗಿನಿ ಪಿಗ್‌ಗಳೂ ಇವೆ. ಎಲ್ಲರಿಗೂ ಸೇರಿಸಿ ತರಿಸಿದ್ದು ಎರಡನೇ ಕೊಯ್ಲಿನ ಟಿಮೋಥಿ ಒಣಹುಲ್ಲು, 5 ಕೆಜಿ. ಸುಮಾರು 3 ವಾರ ಬಂತು.

ಒಂದು ಹಿಡಿ ತೆಗೆದು ಕಿಟಕಿಯ ಬೆಳಕಿನಲ್ಲಿ ನೋಡಿದೆ. ಬಣ್ಣ ಹಸಿರು, ಅಲ್ಲಲ್ಲಿ ಮಾತ್ರ ಕಂದು. ಎಲೆ ಜಾಸ್ತಿ. ನಡುನಡುವೆ ಬಾಟಲಿ ತೊಳೆಯುವ ಬ್ರಷ್‌ನಂಥ ಉದ್ದನೆಯ ತೆನೆ. ಟಿಮೋಥಿಯ ಗುರುತೇ ಈ ತೆನೆ. ಮೊದಲ ಕೊಯ್ಲಿನ ಹುಲ್ಲಿನಲ್ಲಿ ದಪ್ಪ ಕಡ್ಡಿ, ನಾರು ಜಾಸ್ತಿ. ಮೂರನೆಯದು ಮೆತ್ತಗಿನ ಎಲೆ. ಎರಡನೆಯದರಲ್ಲಿ ಕಡ್ಡಿಯೂ ಎಲೆಯೂ ಹದವಾಗಿರುತ್ತವೆ, ಅದಕ್ಕೇ ನಾನು ಅದನ್ನೇ ಕೇಳುತ್ತೇನೆ. ಹಿಡಿಯನ್ನು ಎರಡು ಸಲ ಕೊಡವಿದೆ. ಧೂಳು ಏಳಲಿಲ್ಲ.

ಹುಲ್ಲಿನ ವಿಷಯದಲ್ಲಿ ಇಷ್ಟು ಹುಷಾರಾಗಿರಲು ಕಾರಣ ಗುಂಡನೇ. ಅವನು ನನ್ನ ಹತ್ತಿರ ಬಂದಾಗ ಬರೀ ಪೆಲೆಟ್, ಅಂದರೆ ಗುಳಿಗೆಯಂತೆ ಒತ್ತಿ ಮಾಡಿದ ಸಿದ್ಧ ಆಹಾರ, ತಿಂದು ಬೆಳೆದಿದ್ದ. ಒಂದು ದಿನ ಗದ್ದ ಒದ್ದೆಯಾಗಿತ್ತು, ಜೊಲ್ಲು ಸುರಿಯುತ್ತಿತ್ತು, ತಿನ್ನಲು ಹೋಗಿ ಹಿಂದೆ ಸರಿಯುತ್ತಿದ್ದ. ದವಡೆ ಹಲ್ಲು ಮುಳ್ಳಿನ ಹಾಗೆ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ಡಾಕ್ಟರು ಅರಿವಳಿಕೆ ಕೊಟ್ಟು ಅದನ್ನು ಉಜ್ಜಿ ತೆಗೆದರು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ ಸುಮಾರು 2 ಮಿಲಿಮೀಟರ್. ಪೆಲೆಟ್ ಪುಡಿಯಾಗಿ ಹೋಗುತ್ತದೆ. ಹುಲ್ಲನ್ನು ಮಾತ್ರ ದವಡೆಯನ್ನು ಪಕ್ಕಕ್ಕೆ ಆಡಿಸಿ ಅರೆಯಬೇಕು, ಹಾಗೆ ಅರೆದರೇ ಹಲ್ಲು ಸವೆಯುವುದು. ಕರುಳು ನಡೆಯಲು ಬೇಕಾದ ನಾರೂ ಅದರಲ್ಲೇ ಇದೆ. ಹಾಗಾಗಿ ಆಹಾರದಲ್ಲಿ ನೂರಕ್ಕೆ 80 ಭಾಗ ಹುಲ್ಲೇ ಇರಬೇಕು. ದಿನಕ್ಕೆ ಎಷ್ಟು ಅಂದರೆ, ಕನಿಷ್ಠ ಮೊಲದ ಮೈಯಷ್ಟು ದೊಡ್ಡ ರಾಶಿ. ಅರ್ಧ ದಿನ ಏನೂ ತಿನ್ನದೆ ಕೂತರೆ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ.

ಕುದುರೆ ಮಸಾಲೆ ಹುಲ್ಲನ್ನು ಮೊಲಗಳು ತುಂಬ ಇಷ್ಟಪಟ್ಟು ತಿನ್ನುತ್ತವೆ. ಆದರೆ ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಜಾಸ್ತಿ. ಬೆಳೆಯುವ ಮರಿಗಳಿಗೆ ಸರಿ, ದೊಡ್ಡವಕ್ಕೆ ದಿನವೂ ಬೇಡ. ಗಿನಿ ಪಿಗ್‌ಗೂ ಟಿಮೋಥಿಯೇ ಮುಖ್ಯ ಆಹಾರ. ಆದರೆ ಅದರ ಮೈ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ, ಒಣಹುಲ್ಲಿನಿಂದಲೂ ಅದು ಸಿಗುವುದಿಲ್ಲ. ದಿನಾ ತಾಜಾ ತರಕಾರಿ ಕೊಡಲೇಬೇಕು. ನಾನು ದೊಣ್ಣೆ ಮೆಣಸಿನಕಾಯಿ (ಕ್ಯಾಪ್ಸಿಕಂ) ಹೋಳು ಕೊಡುತ್ತೇನೆ.

ಇದಕ್ಕೆ ಮೊದಲು ಬೇರೆ ಕಡೆಯಿಂದ ತರಿಸಿದ್ದ ಹುಲ್ಲಿನ ಕಥೆಯನ್ನೂ ಹೇಳಬೇಕು. ಮೇಲೆ ಚೆನ್ನಾಗಿತ್ತು. ನಡುವೆ ಕೈ ಹಾಕಿದರೆ ಬೆಚ್ಚಗಿತ್ತು. ಬಿಡಿಸಿ ನೋಡಿದರೆ ಬೂದು ಬಣ್ಣದ ಬೂಷ್ಟು, ಮುಗ್ಗಲು ವಾಸನೆ. ತೇವ ಇರುವಾಗಲೇ ಒತ್ತಿ ಕಟ್ಟಿದರೆ ಒಳಗೆ ಕಾವು ಏಳುತ್ತದೆ. ದೊಡ್ಡ ಬಣವೆಗಳು ತಾವಾಗಿಯೇ ಹೊತ್ತಿಕೊಳ್ಳುವುದೂ ಇದರಿಂದಲೇ. ಅಷ್ಟನ್ನೂ ಎಸೆದೆ, ತುಂಬ ಬೇಜಾರಾಯಿತು. ಅವತ್ತಿನಿಂದ ಪೆಟ್ಟಿಗೆ ಬಂದ ಕೂಡಲೇ ನಡುವಿನ ತನಕ ಕೈ ಹಾಕಿ ನೋಡುತ್ತೇನೆ, ಆಮೇಲೆ ಬಟ್ಟೆ ಚೀಲಕ್ಕೆ ತುಂಬುತ್ತೇನೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಬೇಡವೇ ಬೇಡ.

ಹುಲ್ಲಿನ ಬುಟ್ಟಿಯನ್ನು ಮೊಲದ ಕಕ್ಕಸಿನ ತಟ್ಟೆಯ ಪಕ್ಕಕ್ಕೇ ಇಡಿ. ಮೆಲ್ಲುತ್ತಲೇ ಹಿಕ್ಕೆ ಹಾಕುವುದು ಅವುಗಳ ಅಭ್ಯಾಸ, ಗೂಡು ಚೊಕ್ಕಟವಾಗಿ ಉಳಿಯುತ್ತದೆ. ಗಿನಿ ಪಿಗ್‌ಗಳಿಗೆ ಕಾಗದದ ಸುರುಳಿಯೊಳಗೆ ಹುಲ್ಲು ತುರುಕಿ ಕೊಡುತ್ತೇನೆ. ಒಂದೊಂದೇ ಎಳೆ ಎಳೆದು ತಿನ್ನುವುದನ್ನು ನೋಡುತ್ತ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ತಿಂದು ಉಳಿದು ಒದ್ದೆಯಾಗಿದ್ದೆಲ್ಲ ಗೊಬ್ಬರದ ಗುಂಡಿಗೆ. ಉಚ್ಚೆಯಲ್ಲಿ ಸಾರಜನಕ ಇರುವುದರಿಂದ ಬೇಗ ಕೊಳೆಯುತ್ತದೆ. ಮೊಲದ ಹಿಕ್ಕೆಯನ್ನು ಕೊಳೆಸಬೇಕಾಗಿಯೂ ಇಲ್ಲ, ನಾನು ಹೂವಿನ ಕುಂಡಗಳ ಬುಡಕ್ಕೆ ನೇರವಾಗಿ ಹಾಕುತ್ತೇನೆ. ಗಲೀಜಾಗದೆ ಉಳಿದ ಕಡ್ಡಿಗಳನ್ನು ಗಿಡದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹಾಸಿದೆ. ಬಿಸಿಲಿಗೂ ಕೆಳಗಿನ ಮಣ್ಣು ತಂಪಾಗಿಯೇ ಇತ್ತು, ನೀರು ಹಾಕುವುದು ಕಮ್ಮಿಯಾಯಿತು. ಆದರೆ ತೆನೆಯಲ್ಲಿದ್ದ ಬೀಜ ಮೊಳೆತು ಹುಲ್ಲು ಎದ್ದಿತು, ಕೂತು ಕಿತ್ತೆ. ಈಗ ತೆನೆಗಳನ್ನು ಮೊದಲೇ ಆರಿಸಿ ಗೂಡಿಗೆ ಹಾಕುತ್ತೇನೆ, ಬೆಳ್ಳಿಗೆ ಅದೇ ತಿಂಡಿ.

ತೋಟಕ್ಕೆ ಹಾಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಹುಲ್ಲುಗಾವಲಿಗೆ ಹೊಡೆಯುವ ಕೆಲವು ಕಳೆನಾಶಕಗಳು ಒಣಹುಲ್ಲಿನಲ್ಲೂ ಉಳಿಯುತ್ತವೆ, ಅದನ್ನು ತಿಂದ ಪ್ರಾಣಿಯ ಗೊಬ್ಬರದಲ್ಲೂ ಉಳಿಯುತ್ತವೆ. ಟೊಮೆಟೊ, ಹುರುಳಿಕಾಯಿ ಗಿಡಗಳ ಎಲೆ ಮುರುಟಿ ಹೋಗುತ್ತದೆ. ನಾನು ಒಂದು ಕುಂಡದಲ್ಲಿ ಈ ಹುಲ್ಲಿನ ಚೂರು ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಸಾದಾ ಮಣ್ಣು ಹಾಕಿ ಹುರುಳಿಕಾಯಿ ಬೀಜ ಊರಿದೆ. ಎರಡರಲ್ಲೂ ಎಲೆ ಚಪ್ಪಟೆಯಾಗಿ, ಒಂದೇ ಥರ ಬಂತು. ಆಮೇಲೆಯೇ ಹಾಸಿದ್ದು.

ಅಡುಗೆಗೂ ಸ್ವಲ್ಪ ಎತ್ತಿಟ್ಟಿದ್ದೆ. ಹಳೇ ರಟ್ಟಿನ ಪೆಟ್ಟಿಗೆಯೊಳಗೆ ಹುಲ್ಲು ಒತ್ತಿ, ನಡುವೆ ಪಾತ್ರೆ ಕೂರುವಷ್ಟು ಗುಳಿ ಮಾಡಿದೆ. ಅಕ್ಕಿಯನ್ನು 5 ನಿಮಿಷ ಕುದಿಸಿ, ಮುಚ್ಚಳ ಹಾಕಿ, ಟವೆಲ್ ಸುತ್ತಿ ಅದರಲ್ಲಿ ಇಟ್ಟು, ಮೇಲೆ ಹುಲ್ಲು ತುಂಬಿದ ದಿಂಬು ಹೇರಿದೆ. ಒಂದು ಗಂಟೆ ಬಿಟ್ಟು ತೆಗೆದರೆ ಅನ್ನ ಉದುರುದುರಾಗಿ ಬೆಂದಿತ್ತು, ಪಾತ್ರೆ ಇನ್ನೂ ಮುಟ್ಟಲಾಗದಷ್ಟು ಬಿಸಿ. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ.

ಹುಲ್ಲಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಕೊಯ್ಲು ಮಾಡಿದ ತಿಂಗಳು ಬರೆದಿಲ್ಲ, ಎಷ್ಟು ಹಳೆಯದು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಐದರಲ್ಲಿ ನಾಲ್ಕು ನಕ್ಷತ್ರ. ಮುಂದಿನ ಪೆಟ್ಟಿಗೆಗೂ ಈ ಹುಲ್ಲು ಮಾರುವವರಿಗೇ ಹೇಳಿದ್ದೇನೆ.